ಎಷ್ಟಾಣೆ

ಮಂಡಕ್ಕಿ ಭಟ್ಟಿಯಿಂದ ಆಟೋದಲ್ಲಿ ಬಂದಳು ಅರ್ಫಾ.
ಮೂರು ವರ್ಷ, ಹನ್ನೆರಡು ಕಿಲೋ,
ಮೈಸುತ್ತ ಅಜ್ಜಿಯ ಒದ್ದೆ ದುಪಟ್ಟಾ,
ಒದ್ದೆಯೊಳಗೆ ಇನ್ನೂ ಬೆಚ್ಚಗಿದ್ದ ಮರಳು.
ಅಕ್ಕಿ ಅರಳಬೇಕಾಗಿದ್ದ ಮರಳು.

ಅಳುತ್ತಿರಲಿಲ್ಲ. ಅದಕ್ಕೇ ನನಗೆ ಹೆದರಿಕೆ.
ನಲ್ಲಿಯಡಿ ಹಿಡಿದರೆ ತೋಳಿನಿಂದ ಕಪ್ಪಗೆ ಇಳಿದು
ಸಿಂಕಿನ ಬಾಯಿ ಕಟ್ಟಿತು.
ಅವಳ ಅಪ್ಪನ ಅಂಗಿಯಲ್ಲಿ ಸುಟ್ಟ ಟೈರಿನ ವಾಸನೆ.

ಹೌಸ್ ಸರ್ಜನ್ ನಾನು, ದಾವಣಗೆರೆಗೆ ಬಂದು ಹನ್ನೊಂದು ದಿನ.
ಪುಸ್ತಕ ಹೇಳಿತ್ತು: ಬೆರಳೂ ಸೇರಿ ಒಂದು ಅಂಗೈ, ಶೇಕಡಾ ಒಂದು.
ನನ್ನ ಕೈಯನ್ನು ಗಾಯದ ಮೇಲೆ, ಮುಟ್ಟದೆ,
ಗಾಳಿಯಲ್ಲೇ ಹಿಡಿದು ಎಣಿಸಿದೆ.
ಎದೆಗೆ ಎರಡು, ಹೊಟ್ಟೆಗೆ ಒಂದು, ತೋಳಿಗೆ ಎರಡು.
ಐದು ಎಂದು ಬರೆದೆ.

"ಯಾರ ಕೈ ಅದು?" ಅಂದರು ದ್ರಾಕ್ಷಾಯಣಮ್ಮ ಸಿಸ್ಟರ್,
ತಲೆಯೆತ್ತದೆ, ಅವಳ ಪಾದದಲ್ಲಿ ನರ ಹುಡುಕುತ್ತಾ.
"ನಿಮ್ಮ ಕೈಲೆ ಅಳದ್ರೆ ನಿಮ್ಮ ಗಾಯ ಸಿಗ್ತತಿ ಮೇಡಂ.
ಆ ಕೂಸಿನ ಕೈ ಬಿಡಿಸ್ರಿ."

ಬಲಗೈ ಮುಷ್ಟಿ. ಒಂದೊಂದೇ ಬೆರಳು ಬಿಡಿಸಿದೆ.
ಒಳಗೆ ಮಂಡಕ್ಕಿ, ಬೆವರಿಗೆ ಕರಗಿ ಮುದ್ದೆಯಾದದ್ದು.
ಯಾರದೋ ಮುರಿದ ಪಕ್ಕೆಲುಬಿನ ಹಳೆಯ ಎಕ್ಸ್-ರೇ ಮೇಲೆ
ಆ ಕೈಯಿಟ್ಟು, ಬೆರಳು ಜೋಡಿಸಿ, ಗೆರೆಯೆಳೆದು
ಸಿಸ್ಟರ್ ಕತ್ತರಿಸಿ ಕೊಟ್ಟರು,
ಎಳೇ ವೀಳ್ಯದೆಲೆಯಷ್ಟು.

ಈಗ ಎದೆಗೆ ನಾಲ್ಕೂವರೆ.
ಹೊಟ್ಟೆಗೆ ಮೂರು.
ತೋಳಿಗೆ ಐದು.
"ಬರೀ ಕೆಂಪಾಗಿದ್ದು ಎಣಿಸಬ್ಯಾಡ್ರಿ. ಬೊಬ್ಬೆ ಎದ್ದಿದ್ದು, ಬೆಳ್ಳಗಾಗಿದ್ದು, ಅಷ್ಟೆ."

ಚಾರ್ಟಿನೊಳಗಿನ ಮಗುವಿಗೆ ಕಣ್ಣಿಲ್ಲ, ಮೂಗಿಲ್ಲ,
ಇರುವುದು ತಲೆ. ದೊಡ್ಡವರಲ್ಲಿ ಏಳಾಗುವ ತಲೆ
ಈ ವಯಸ್ಸಿಗೆ ಹದಿನೇಳು.
ಅರ್ಫಾಳ ತಲೆಗೆ ಏನೂ ಆಗಿರಲಿಲ್ಲ,
ಆದರೂ ಕೂದಲು ಸರಿಸಿ ಎರಡು ಸಲ ನೋಡಿದೆ.
ಆಮೇಲೆ ಕೆಂಪು ಪೆನ್ಸಿಲು, ಮೂಗಿಲ್ಲದವಳಿಗೆ ಬಣ್ಣ,
ಗೆರೆ ದಾಟದ ಹಾಗೆ, ಒಂದನೇ ಕ್ಲಾಸಿನವಳಂತೆ.

ಕಿಲೋಗೆ ಇಷ್ಟು, ಶೇಕಡಕ್ಕೆ ಇಷ್ಟು, ಮೊದಲ ಎಂಟು ಗಂಟೆಗೆ ಅರ್ಧ.
ಎಂಟು ಗಂಟೆ, ಆಸ್ಪತ್ರೆಯ ಗಡಿಯಾರದ್ದಲ್ಲ,
ಮರಳು ಬಿದ್ದ ಗಳಿಗೆಯಿಂದ.
"ಯಾವಾಗ ಬಿತ್ತು?"
"ಅಸರ್ ನಮಾಜಿಗೆ ಕೂಗೋಕೆ ಮುಂಚೆ," ಅಂದ ದಾದಾಪೀರ್.
"ಕೂಗಿದ್ದು ಕೇಳಿಸಲಿಲ್ಲ ನನಗೆ."

ಕಾರಿಡಾರಿನಲ್ಲಿ ಹುಸೇನ್‌ಬಿ ನನ್ನ ಕೋಟು ಹಿಡಿದಳು.
"ಪರ್ಸೆಂಟು ಗಿರ್ಸೆಂಟು ನಂಗೆ ತಿಳಿಯಲ್ಲವ್ವ.
ರೂಪಾಯ್ಗೆ ಎಷ್ಟಾಣೆ ಸುಟ್ಟೈತಿ, ಹೇಳು."
ಆಣೆಯ ಮುಖವನ್ನೇ ಕಾಣದ ನಾನು
ಗೋಡೆಗೊರಗಿ ಲೆಕ್ಕ ಹಾಕಿದೆ.
"ಎರಡಾಣೆ."
"ಹಂಗಾರೆ ಹದಿನಾಕಾಣೆ ಐತಿ," ಅಂದಳು,
ಅಷ್ಟನ್ನೂ ಸೆರಗಿಗೆ ಕಟ್ಟಿಕೊಂಡವಳ ಹಾಗೆ ಗಂಟು ಮುಟ್ಟಿ.

ಮೂರನೇ ದಿನ ಮತ್ತೆ ಅಳೆದೆವು.
ಬರೀ ಕೆಂಪೆಂದು ಬಿಟ್ಟಿದ್ದ ಪಕ್ಕೆಯಲ್ಲಿ ಬೊಬ್ಬೆ.
ಒಂದೂವರೆ ಕೂಡಿಸಿದೆ.
ಅಜ್ಜಿಗೆ ಹೇಳಲಿಲ್ಲ. ಆಣೆಯ ಕೆಳಗೆ ಕಾಸು ಇರುತ್ತಿದ್ದವಂತೆ,
ಅವುಗಳ ಲೆಕ್ಕ ನನಗೆ ಬರುವುದಿಲ್ಲ.

ಈ ಆಷಾಢದಲ್ಲಿ ಅರ್ಫಾ ಮತ್ತೆ ಬಂದಳು.
ಐದು ತುಂಬಿದೆ, ಎಡ ಮೊಣಕೈ ಪೂರ್ತಿ ಬಿಚ್ಚುವುದಿಲ್ಲ.
ಹಳೆಯ ಫೈಲಿನಿಂದ ಜಾರಿದ ಎಕ್ಸ್-ರೇ ತುಣುಕನ್ನು
ಮೇಜಿನ ಮೇಲಿಟ್ಟು ಅದರ ಮೇಲೆ ಕೈಯಿಟ್ಟಳು.
ನಾಲ್ಕೂ ಕಡೆ ಬೆರಳು ಹೊರಗೆ.
ಕೈ ಬೆಳೆದಿದೆ.
ಕಲೆ ಬೆಳೆದಿಲ್ಲ, ಅದಕ್ಕೇ ಎಳೆಯುತ್ತದೆ.

"ಇದು ನಂಗೆ ಬೇಕು."
ಕೊಡಲಿಲ್ಲ. ಫೈಲಿಗೆ ಬೇಕಾಗುತ್ತದೆ ಅಂದೆ.
ಸುಳ್ಳು.